ಮೂರನೆಯವರ ಪಾಲು

ಪ್ರೇಮದ ಹಾಸ್ಯಚಿತ್ರಗಳಲ್ಲಿ ಒಂದು ಹಳೆಯ ಹೂಟವಿದೆ. ಒಂದು ಕಾಲಕ್ಕೆ ಪ್ರೀತಿಸಿ, ಇಲ್ಲವೆ ಮದುವೆಯೇ ಆಗಿ, ಬೇರೆಯಾದ ಇಬ್ಬರು ಮತ್ತೆ ಎದುರಾಗುತ್ತಾರೆ. ಅಷ್ಟರಲ್ಲಿ ಅವರಲ್ಲೊಬ್ಬರಿಗೆ ಇನ್ನೊಂದು ಕಡೆ ಮದುವೆ ನಿಶ್ಚಯವಾಗಿದೆ. ಮುಹೂರ್ತಕ್ಕೆ ನಾಲ್ಕು ದಿನವೋ ಒಂದೇ ರಾತ್ರಿಯೋ ಉಳಿದಿದೆ. ಹಳೆಯ ನಂಟು ಈ ಹೊಸ ಮಾತನ್ನು ಮುರಿದೀತೆ ಎಂಬುದೇ ಕಥೆ. ಹತ್ತು ನಿಮಿಷ ಕಳೆಯುವುದರೊಳಗೆ ಪ್ರೇಕ್ಷಕನಿಗೆ ಕೊನೆ ತಿಳಿದುಹೋಗುತ್ತದೆ. ಆದರೂ ಎದ್ದು ಹೋಗುವುದಿಲ್ಲ. ಯಾರಿಬ್ಬರ ಹೆಸರು ಪೋಸ್ಟರಿನ ಮೇಲೆ ದೊಡ್ಡದಾಗಿದೆಯೋ ಅವರು ಕೂಡಲೇಬೇಕು. ಹಾಗಾದರೆ ಹೆಸರು ಚಿಕ್ಕದಾಗಿ ಅಚ್ಚಾದ ಆ ಇನ್ನೊಬ್ಬರ ಗತಿ? ಬಟ್ಟೆ ಹೊಲಿಸಿಕೊಂಡು, ರೈಲಿಗೆ ಟಿಕೆಟ್ಟು ಕೊಂಡು, ಅಮ್ಮನಿಗೆ ಸುದ್ದಿ ಮುಟ್ಟಿಸಿ ಕಾದು ಕುಳಿತವರ ಗತಿ? ಚಿತ್ರ ಮುಗಿದು ದೀಪ ಹತ್ತಿದ ಮೇಲೆ ಅವರ ಗೊಡವೆ ಯಾರಿಗೂ ಬೇಡ. ನನ್ನ ವಾದ ಈ ಬೇಡವಾದವರ ಪರವಾಗಿದೆ. ಇಂಥ ಚಿತ್ರ ಎಷ್ಟು ಒಳ್ಳೆಯದು ಎಂದು ತೂಗಬೇಕಾದರೆ, ಕೂಡಿದ ಜೋಡಿ ಎಷ್ಟು ಚೆಂದ ಎಂದು ನೋಡಿದರೆ ಸಾಲದು. ಬಿಟ್ಟುಹೋದ ಮೂರನೆಯವರನ್ನು ಚಿತ್ರ ಹೇಗೆ ನಡೆಸಿಕೊಂಡಿತು ಎಂದು ನೋಡಬೇಕು. ಇದು ದಯೆದಾಕ್ಷಿಣ್ಯದ ಮಾತಲ್ಲ, ಕಸುಬಿನ ಮಾತು. ಮೂರನೆಯವರ ವಿಷಯದಲ್ಲಿ ಮೋಸ ಮಾಡಿದ ಚಿತ್ರ ಜೋಡಿಯ ವಿಷಯದಲ್ಲೂ ಸುಳ್ಳು ಹೇಳಿರುತ್ತದೆ.

ಈ ಹೂಟ ಒಂದು ಕಾಲದಲ್ಲಿ, ಒಂದು ಊರಿನಲ್ಲಿ ವಿಶೇಷವಾಗಿ ಬೆಳೆಯಿತು. ಊರು ಹಾಲಿವುಡ್, ಕಾಲ 1930ರ ದಶಕದ ನಡುಭಾಗದಿಂದ 1940ರ ದಶಕದ ಮೊದಲ ವರ್ಷಗಳವರೆಗೆ. ಅಲ್ಲಿನ ಚಿತ್ರೋದ್ಯಮ ತನಗೆ ತಾನೇ ಹಾಕಿಕೊಂಡಿದ್ದ ನೀತಿಸಂಹಿತೆ 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂತು. ಜೋಸೆಫ್ ಬ್ರೀನ್ ಎಂಬಾತನ ಕಚೇರಿ ಒಂದೊಂದು ಚಿತ್ರಕಥೆಯನ್ನೂ ಓದಿ ಒಪ್ಪಿಗೆ ಕೊಡಬೇಕಾಯಿತು. ಮದುವೆಯ ಪಾವಿತ್ರ್ಯಕ್ಕೆ ಧಕ್ಕೆ ಬರಬಾರದು, ಅಕ್ರಮ ಸಂಬಂಧ ಆಕರ್ಷಕವಾಗಿ ಕಾಣಬಾರದು. ಹೀಗೆಂದ ಮೇಲೆ ವಯಸ್ಕ ಗಂಡುಹೆಣ್ಣಿನ ನಡುವಿನ ಸಲಿಗೆಯನ್ನು, ಒಬ್ಬರ ಮೈಮನಸ್ಸು ಇನ್ನೊಬ್ಬರಿಗೆ ಗೊತ್ತಿರುವ ಆ ಧಾಟಿಯನ್ನು, ತೆರೆಯ ಮೇಲೆ ತರುವುದು ಹೇಗೆ? ಬರಹಗಾರರು ಒಂದು ಜಾಣದಾರಿ ಕಂಡುಕೊಂಡರು. ಆ ಇಬ್ಬರು ಹಿಂದೆ ಗಂಡಹೆಂಡಿರಾಗಿದ್ದವರು ಎಂದುಬಿಟ್ಟರೆ ಅವರ ಸಲಿಗೆಗೆ ಸಂಹಿತೆಯ ತಕರಾರಿಲ್ಲ. ಈಗ ವಿಚ್ಛೇದನವಾಗಿ ಬೇರೊಬ್ಬರೊಡನೆ ನಿಶ್ಚಯವಾಗಿದೆ ಎಂದರೆ ಕಥೆಗೆ ಬೇಕಾದ ಬಿಗಿಯೂ ಸಿಕ್ಕಿತು. ಕಾನೂನೂ ಅದೇ ಹೊತ್ತಿಗೆ ಸಡಿಲವಾಗುತ್ತಿತ್ತು. ಮದುವೆಯ ಮಾತು ಕೊಟ್ಟು ತಪ್ಪಿದವರ ಮೇಲೆ ಪರಿಹಾರದ ದಾವೆ ಹೂಡುವ ಹಕ್ಕನ್ನು ಇಂಡಿಯಾನಾ, ನ್ಯೂಯಾರ್ಕ್ ಮೊದಲಾದ ರಾಜ್ಯಗಳು 1935ರಲ್ಲಿ ತೆಗೆದುಹಾಕಿದವು. ಇಂಗ್ಲೆಂಡಿನಲ್ಲಿ ಅದು ಹೋಗಲು 1970 ಬರಬೇಕಾಯಿತು. ನಿಶ್ಚಯ ಮುರಿದರೆ ಕೋರ್ಟಿಗೆ ಹೋಗುವ ಭಯ ಇರುವ ಕಡೆ ಅದನ್ನು ನಗುವಿನ ವಸ್ತು ಮಾಡಬಹುದು, ಆದರೆ ಆ ನಗು ವಕೀಲರ ಬಗ್ಗೆ ಆಗಿರುತ್ತದೆ. ಭಯ ಹೋದ ಮೇಲೆ ಕೊಟ್ಟ ಮಾತು ಬರೀ ಮಾತಾಗಿ ಉಳಿಯಿತು. ಅದನ್ನು ಮುರಿಯುವುದು ಕಿಸೆಯ ಪ್ರಶ್ನೆಯಾಗದೆ ಮನಸ್ಸಿನ ಪ್ರಶ್ನೆಯಾಯಿತು.

ಆ ವರ್ಷಗಳಲ್ಲಿ ಕೈಬಿಡಲ್ಪಡುವುದನ್ನೇ ಕಸುಬು ಮಾಡಿಕೊಂಡಂತೆ ಕಾಣುವ ನಟನೊಬ್ಬನಿದ್ದ, ರಾಲ್ಫ್ ಬೆಲಮಿ. 1937ರಲ್ಲಿ ಲಿಯೋ ಮೆಕ್ಯಾರಿ ನಿರ್ದೇಶಿಸಿದ ‘ದಿ ಆಫುಲ್ ಟ್ರೂತ್’ ಚಿತ್ರದಲ್ಲಿ ಅವನು ಓಕ್ಲಹೋಮಾದ ಎಣ್ಣೆಬಾವಿಗಳ ಸಾಹುಕಾರ. ಐರೀನ್ ಡನ್, ಕೇರಿ ಗ್ರಾಂಟ್ ಜೋಡಿಯ ವಿಚ್ಛೇದನ ಪೂರ್ತಿಯಾಗುವುದಕ್ಕೆ ಇರುವ ತೊಂಬತ್ತು ದಿನಗಳ ಗಡುವಿನೊಳಗೆ ಇವನು ಹೆಂಡತಿಯ ಮನಸ್ಸಿಗೆ ಹತ್ತಿರವಾಗಲು ನೋಡುತ್ತಾನೆ, ತನ್ನ ತಾಯಿಯ ಕಾವಲಿನಲ್ಲೇ. ಸಭ್ಯ, ಉದಾರಿ, ಸ್ವಲ್ಪ ಹಳ್ಳಿಗ. ನ್ಯೂಯಾರ್ಕಿನ ನಯಗಾರಿಕೆಯ ಮುಂದೆ ಅವನ ಕುಣಿತ, ಅವನ ಪದ್ಯ, ಅವನ ಊರಿನ ಹೆಮ್ಮೆ ಎಲ್ಲ ನಗೆಗೀಡು. ಬೆಲಮಿ ಈ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ ಆಸ್ಕರ್ ಪ್ರಶಸ್ತಿಗೆ ಅವನ ಹೆಸರು ಸೂಚಿತವಾಯಿತು. ಮತ್ತು ಮೂರು ವರ್ಷ ತುಂಬುವುದರೊಳಗೆ ಅದೇ ಕೇರಿ ಗ್ರಾಂಟನ ಕೈಯಲ್ಲಿ ಇನ್ನೊಮ್ಮೆ ಸೋಲುವ ಪಾತ್ರ ಅವನನ್ನು ಹುಡುಕಿಕೊಂಡು ಬಂತು. ಈ ಎರಡನೆಯ ಚಿತ್ರ, 1940ರಲ್ಲಿ ಬಂದ ಹವರ್ಡ್ ಹಾಕ್ಸನ ‘ಹಿಸ್ ಗರ್ಲ್ ಫ್ರೈಡೇ’, ನನ್ನ ವಾದದ ಮುಖ್ಯ ಸಾಕ್ಷಿ.

ಆ ಚಿತ್ರದ ಮೂಲ 1928ರ ‘ದಿ ಫ್ರಂಟ್ ಪೇಜ್’ ಎಂಬ ನಾಟಕ. ಬೆನ್ ಹೆಕ್ಟ್, ಚಾರ್ಲ್ಸ್ ಮೆಕಾರ್ಥರ್ ಎಂಬ ಇಬ್ಬರು ಬರೆದದ್ದು. ಅದರಲ್ಲಿ ಹಿಲ್ಡಿ ಜಾನ್ಸನ್ ಗಂಡಸು. ಪತ್ರಿಕೆಯ ಕೆಲಸ ಬಿಟ್ಟು ಮದುವೆಯಾಗಿ ಹೊರಟ ವರದಿಗಾರನನ್ನು ಸಂಪಾದಕ ವಾಲ್ಟರ್ ಬರ್ನ್ಸ್ ಬಿಡದೆ ಹಿಡಿದುಕೊಳ್ಳುವ ಕಥೆ. ಹಾಕ್ಸ್ ಆ ವರದಿಗಾರನನ್ನು ಹೆಣ್ಣು ಮಾಡಿದ, ಸಂಪಾದಕನ ಮಾಜಿ ಹೆಂಡತಿಯನ್ನಾಗಿ ಮಾಡಿದ. ಈ ಒಂದು ಬದಲಾವಣೆಯಿಂದ ಸುದ್ದಿಮನೆಯ ನಾಟಕ ಪ್ರೇಮದ ಹಾಸ್ಯವಾಯಿತು. ಹಿಲ್ಡಿಯಾಗಿ ರೋಸಲಿಂಡ್ ರಸಲ್ ಕಚೇರಿಗೆ ಬರುವುದು ವಿದಾಯ ಹೇಳಲು: ನಾಳೆ ಬ್ರೂಸ್ ಬಾಲ್ಡ್‌ವಿನ್‌ನೊಡನೆ ಮದುವೆ, ಇವತ್ತೇ ಆಲ್ಬನಿಗೆ ರೈಲು. ಬ್ರೂಸ್ (ಇವನೇ ಬೆಲಮಿ) ವಿಮಾ ಕಂಪನಿಯ ಮನುಷ್ಯ, ತಾಯಿಯೊಡನೆ ಇರುವವನು, ಬಿಸಿಲಿದ್ದರೂ ಕೊಡೆ ಬಿಡದವನು. ವಾಲ್ಟರ್ ಅವನಿಗೆ ಕೊಡುವ ಕಾಟ ಒಂದೆರಡಲ್ಲ. ಗಡಿಯಾರ ಕದ್ದ ಆರೋಪ ಹೊರಿಸಿ ಒಮ್ಮೆ, ಹೆಣ್ಣೊಬ್ಬಳನ್ನು ಕೆಣಕಿದನೆಂದು ಇನ್ನೊಮ್ಮೆ, ಖೋಟಾ ನೋಟು ಇಟ್ಟುಕೊಂಡಿದ್ದನೆಂದು ಮತ್ತೊಮ್ಮೆ, ಹೀಗೆ ಒಂದೇ ದಿನದಲ್ಲಿ ಮೂರು ಸಲ ಅವನನ್ನು ಪೊಲೀಸರ ಕೈಗೆ ಕೊಡಿಸುತ್ತಾನೆ. ಅವನ ತಾಯಿಯನ್ನು ಹೊತ್ತುಕೊಂಡು ಹೋಗಿಸುತ್ತಾನೆ. ಬ್ರೂಸ್ ನೋಡಲು ಹೇಗಿದ್ದಾನೆ ಎಂದು ಕೇಳಿದ ಹೆಂಗಸಿಗೆ, ರಾಲ್ಫ್ ಬೆಲಮಿ ಎಂಬ ನಟನ ಹಾಗಿದ್ದಾನೆ ಎಂದು ವರ್ಣಿಸುವ ಮಟ್ಟಕ್ಕೂ ಚಿತ್ರ ಹೋಗುತ್ತದೆ.

ಇಷ್ಟು ಕ್ರೌರ್ಯವಿರುವ ಚಿತ್ರ ಮೂರನೆಯವನಿಗೆ ನ್ಯಾಯ ಸಲ್ಲಿಸಿತು ಎಂದರೆ ನಂಬುವುದು ಕಷ್ಟ. ಆದರೂ ಗಮನಿಸಬೇಕು: ಇಡೀ ಚಿತ್ರದಲ್ಲಿ ಬ್ರೂಸ್ ಒಂದೂ ಕೆಟ್ಟ ಕೆಲಸ ಮಾಡುವುದಿಲ್ಲ, ಒಂದೂ ಸುಳ್ಳು ಹೇಳುವುದಿಲ್ಲ. ವಾಲ್ಟರ್ ಹೇಳುವ ಮಾತಿನಲ್ಲಿ ನಿಜ ಸಿಗುವುದೇ ಅಪರೂಪ. ಇಬ್ಬರಲ್ಲಿ ಒಳ್ಳೆಯವನು ಯಾರು ಎಂಬ ಬಗ್ಗೆ ಚಿತ್ರ ನಮ್ಮನ್ನು ಒಂದು ಕ್ಷಣವೂ ಗೊಂದಲಕ್ಕೆ ಕೆಡವುವುದಿಲ್ಲ. ಹಾಗಿದ್ದೂ ಹಿಲ್ಡಿ ಅವನನ್ನು ಏಕೆ ಬಿಡುತ್ತಾಳೆ? ಉತ್ತರ ಒಂದು ದೃಶ್ಯದಲ್ಲಿದೆ. ಗಲ್ಲಿಗೇರಬೇಕಾಗಿದ್ದ ಕೈದಿಯೊಬ್ಬ ತಪ್ಪಿಸಿಕೊಂಡು ವರದಿಗಾರರ ಕೋಣೆಯ ಮೇಜಿನೊಳಗೆ ಅಡಗಿದ್ದಾನೆ. ಆ ಸುದ್ದಿಯನ್ನು ಹಿಲ್ಡಿ ಟೈಪು ಮಾಡುತ್ತಿದ್ದಾಳೆ. ಬ್ರೂಸ್ ಬಂದು ಪಕ್ಕದಲ್ಲಿ ನಿಂತು ಮಾತಾಡುತ್ತಾನೆ, ಬೇಡುತ್ತಾನೆ, ಕಡೆಗೆ ರಾತ್ರಿ ಒಂಬತ್ತರ ರೈಲಿಗೆ ತಾನು ಹೊರಟೆನೆಂದು ಹೇಳಿ ಹೋಗುತ್ತಾನೆ. ಅವಳ ಬೆರಳು ನಿಲ್ಲುವುದಿಲ್ಲ, ಕತ್ತು ಎತ್ತುವುದಿಲ್ಲ. ಅವನು ಹೋದದ್ದು ಅವಳ ಅರಿವಿಗೆ ಬರುವುದೇ ಸಾಕಷ್ಟು ಹೊತ್ತಿನ ಮೇಲೆ. ಅವಳ ಆಯ್ಕೆ ಆಗಿಹೋದದ್ದು ಅಲ್ಲಿ, ವಾಲ್ಟರನ ತೋಳಿನಲ್ಲಲ್ಲ. ಬ್ರೂಸ್ ಕೊಡಬಲ್ಲ ಬಾಳಿನಲ್ಲಿ ಮನೆ, ಮಕ್ಕಳು, ನೆಮ್ಮದಿ ಎಲ್ಲ ಇದೆ. ಆ ಟೈಪುರೈಟರ್ ಇಲ್ಲ. ಹಳೆಯ ಗಂಡ ಅವಳಿಗೆ ಬೇಕಾಗಿರುವುದು ಅವನು ಆ ಕೆಲಸದ ಬಾಗಿಲಲ್ಲಿ ನಿಂತಿರುವುದರಿಂದ. ಬ್ರೂಸ್ ದುಷ್ಟನಾಗಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ. ಕೆಟ್ಟವನನ್ನು ಬಿಟ್ಟುಬಂದವಳು ಪಾರಾದಳು ಎನ್ನಬಹುದು. ಒಳ್ಳೆಯವನನ್ನು ಬಿಟ್ಟುಬಂದಾಗಲೇ ಅವಳಿಗೆ ಏನು ಬೇಕಾಗಿತ್ತು ಎಂಬುದು ಗೊತ್ತಾಗುವುದು.

ಅದೇ 1940ರಲ್ಲಿ ಬಂದ ‘ದಿ ಫಿಲಡೆಲ್ಫಿಯಾ ಸ್ಟೋರಿ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಹೊಳೆಯುತ್ತದೆ. ಫಿಲಿಪ್ ಬ್ಯಾರಿಯ ನಾಟಕ, ಜಾರ್ಜ್ ಕ್ಯೂಕರನ ನಿರ್ದೇಶನ, ಕ್ಯಾಥರೀನ್ ಹೆಪ್‌ಬರ್ನ್ ಆಸ್ತಿವಂತರ ಮನೆಯ ಹೆಣ್ಣು ಟ್ರೇಸಿ ಲಾರ್ಡ್. ಅವಳ ಎರಡನೆಯ ಮದುವೆಯ ಮುನ್ನಾದಿನ ಮೊದಲ ಗಂಡ ಡೆಕ್ಸ್‌ಟರ್ (ಮತ್ತೆ ಕೇರಿ ಗ್ರಾಂಟನೇ) ಬಂದಿಳಿಯುತ್ತಾನೆ. ಮಾತಿನ ಸೊಗಸಿನಲ್ಲಿ ಈ ಚಿತ್ರಕ್ಕೆ ಸಾಟಿ ಕಡಿಮೆ. ಜೇಮ್ಸ್ ಸ್ಟೂವರ್ಟನಿಗೆ ಆಸ್ಕರ್ ತಂದುಕೊಟ್ಟದ್ದೂ ಇದೇ. ಆದರೆ ಮೂರನೆಯವನಾದ ಜಾರ್ಜ್ ಕಿಟ್ರಿಜ್‌ನನ್ನು ನೋಡಿ. ಕಲ್ಲಿದ್ದಲ ಗಣಿಯಲ್ಲಿ ದುಡಿದು ಮೇಲೆ ಬಂದು ಕಂಪನಿಯ ಮೇಲಧಿಕಾರಿಯಾದವನು. ಅವನ ಕುದುರೆ ಸವಾರಿ ಸರಿಯಿಲ್ಲ, ಅವನ ಉಡುಪು ತೀರ ಹೊಸದು, ಅವನ ಸಭ್ಯತೆ ಕಲಿತುಕೊಂಡದ್ದು. ಇಷ್ಟಕ್ಕೇ ಅವನು ನಗೆಗೀಡು. ಕಡೆಗೆ ಟ್ರೇಸಿಯ ಶೀಲದ ಬಗ್ಗೆ ಸಂದೇಹಪಟ್ಟು ಪತ್ರ ಬರೆಯುವ ಸಣ್ಣತನವನ್ನೂ ಚಿತ್ರ ಅವನ ತಲೆಗೆ ಕಟ್ಟಿ, ಅವನನ್ನು ಬಿಡುವುದಕ್ಕೆ ಹುಟ್ಟುಸಾಹುಕಾರರಿಗೆಲ್ಲ ನೆಪ ಒದಗಿಸುತ್ತದೆ. ಇತ್ತ ಹಳೆಯ ಗಂಡನ ಕುಡಿತಕ್ಕೂ, ಮೊದಲ ದೃಶ್ಯದಲ್ಲೇ ಹೆಂಡತಿಯ ಮುಖಕ್ಕೆ ಕೈಯೊತ್ತಿ ನೆಲಕ್ಕೆ ತಳ್ಳಿದ್ದಕ್ಕೂ ಕ್ಷಮೆ ಸುಲಭವಾಗಿ ಸಿಗುತ್ತದೆ. ಆ ತಳ್ಳುವಿಕೆಯನ್ನು ನಗೆಯೆಂದೇ ತೋರಿಸಲಾಗಿದೆ. ಒಬ್ಬನ ಬೊಗಸೆಯಲ್ಲಿ ಎಲ್ಲ ರಿಯಾಯಿತಿ, ಇನ್ನೊಬ್ಬನ ಪಾಲಿಗೆ ಎಲ್ಲ ಲೆಕ್ಕಾಚಾರ. ಆದ್ದರಿಂದ ಟ್ರೇಸಿ ಡೆಕ್ಸ್‌ಟರನನ್ನು ಮತ್ತೆ ಕೈಹಿಡಿದಾಗ ಅವಳು ಪ್ರೀತಿಗೆ ಮರಳಿದಳೋ ತನ್ನ ವರ್ಗಕ್ಕೆ ಮರಳಿದಳೋ ಹೇಳುವುದು ಕಷ್ಟ. ಚಿತ್ರ ಮೊದಲನೆಯದು ಎನ್ನುತ್ತದೆ. ನನಗೆ ಎರಡನೆಯದೇ ಕಾಣುತ್ತದೆ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ಬಲವಾದದ್ದು. ಹಾಸ್ಯವೇನು ನ್ಯಾಯಾಲಯವೆ? ಷೇಕ್ಸ್‌ಪಿಯರನ ‘ಟ್ವೆಲ್ತ್ ನೈಟ್’ನಲ್ಲಿ ಮಾಲ್ವೋಲಿಯೋನನ್ನು ಕತ್ತಲೆಕೋಣೆಗೆ ದೂಡಿ ಎಲ್ಲರೂ ನಗುವುದಿಲ್ಲವೆ? ಹಬ್ಬ ನಡೆಯಬೇಕಾದರೆ ಹಬ್ಬಕ್ಕೆ ಹೊಂದದವನು ಹೊರಗೆ ಹೋಗಬೇಕು, ಅದು ಹಾಸ್ಯದ ಹಳೆಯ ನಿಯಮ ಎನ್ನುವವರುಂಟು. ಹಾರ್ವರ್ಡಿನ ತತ್ತ್ವಶಾಸ್ತ್ರಜ್ಞ ಸ್ಟ್ಯಾನ್ಲಿ ಕ್ಯಾವೆಲ್ 1981ರಲ್ಲಿ ಪ್ರಕಟಿಸಿದ ‘ಪರ್ಸ್ಯೂಟ್ಸ್ ಆಫ್ ಹ್ಯಾಪಿನೆಸ್’ ಎಂಬ ಪುಸ್ತಕದಲ್ಲಿ ಇಂಥ ಏಳು ಚಿತ್ರಗಳನ್ನು ಮರುಮದುವೆಯ ಹಾಸ್ಯಗಳೆಂದು ಒಂದು ಗುಂಪು ಮಾಡಿದ. ಮೇಲಿನ ಮೂರೂ ಅದರಲ್ಲಿವೆ. ಒಮ್ಮೆ ಮುರಿದ ಜೋಡಿ ಎರಡನೆಯ ಸಲ ಕೂಡುವುದೇ ನಿಜವಾದ ಮದುವೆ, ಅವರಿಬ್ಬರ ನಡುವೆ ನಡೆಯುವ ಮಾತುಕತೆ ಬೇರೆ ಯಾರೊಡನೆಯೂ ನಡೆಯಲಾರದು ಎಂಬುದು ಅವನ ನೋಟದ ಸಾರ. ನಾನು ಇದನ್ನು ಒಪ್ಪುತ್ತೇನೆ. ವಾಲ್ಟರ್ ಮತ್ತು ಹಿಲ್ಡಿ ಒಬ್ಬರ ಮಾತಿನ ಮೇಲೆ ಒಬ್ಬರು ಮಾತು ಹೇರುವ ಆ ವೇಗದಲ್ಲೇ ಅವರ ದಾಂಪತ್ಯವಿದೆ. ಬ್ರೂಸ್ ಆ ವೇಗದಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಮಾಡಲಾರ. ಆದರೆ ಈ ಹೊಂದಿಕೆ ಎಷ್ಟು ಅಪರೂಪದ್ದು ಎಂದು ಗೊತ್ತಾಗುವುದು ಅದರ ಬೆಲೆ ತಿಳಿದಾಗ. ಆ ಬೆಲೆ ತೆತ್ತವನು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದಾನೆ. ಅವನಿಗೆ ಶಿಕ್ಷೆಯಾಗಬಾರದು ಎಂದು ನಾನು ಕೇಳುತ್ತಿಲ್ಲ. ನಗು ಅವನ ಯಾವ ಗುಣದ ಮೇಲೆ ಬೀಳುತ್ತಿದೆ ಎಂದಷ್ಟೇ ಕೇಳುತ್ತಿದ್ದೇನೆ. ಬ್ರೂಸ್‌ನ ಅತಿ ಜಾಗರೂಕತೆಗೆ ನಕ್ಕರೆ ಅದು ಅವನು ಆರಿಸಿಕೊಂಡ ಬಾಳಿನ ರೀತಿಗೆ ನಕ್ಕಂತೆ. ಕಿಟ್ರಿಜ್‌ಗೆ ನಕ್ಕರೆ ಅವನು ಹುಟ್ಟಿದ ಮನೆಗೆ ನಕ್ಕಂತೆ. ಮಾಲ್ವೋಲಿಯೋನನ್ನಾದರೂ ಷೇಕ್ಸ್‌ಪಿಯರ್ ಕೊನೆಗೆ ಬೆಳಕಿಗೆ ತಂದು ನಿಲ್ಲಿಸಿ, ಅವನಿಗೆ ತೀರ ಅನ್ಯಾಯವಾಯಿತೆಂದು ಆ ಮನೆಯೊಡತಿಯಿಂದಲೇ ಹೇಳಿಸುತ್ತಾನೆ.

ಎರಡನೆಯ ಆಕ್ಷೇಪ ಚಿತ್ರ ಮಾಡುವವರದು. ಮೂರನೆಯವರನ್ನು ಒಳ್ಳೆಯವರಾಗಿಸಿದರೆ ಪ್ರೇಕ್ಷಕನ ಮನಸ್ಸು ಅತ್ತ ವಾಲಿ, ಜೋಡಿ ಕೂಡಿದಾಗ ಚಪ್ಪಾಳೆ ಬೀಳುವುದಿಲ್ಲ ಎನ್ನುತ್ತಾರೆ. 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಯಲ್ಲಿ ಪಂಜಾಬಿನ ನಿಶ್ಚಿತ ವರ ಕುಲಜೀತನನ್ನು ಒರಟ, ಚಪಲ ಎಂದು ಬಗೆಬಗೆಯಾಗಿ ತೋರಿಸಿದ್ದು ಇದೇ ಅಂಜಿಕೆಯಿಂದ. ಅಂಜಿಕೆಗೆ ಆಧಾರವಿಲ್ಲ ಎಂಬುದಕ್ಕೆ ಎರಡೇ ವರ್ಷದ ನಂತರ ಹಾಲಿವುಡ್ಡಿನಿಂದಲೇ ಸಾಕ್ಷ್ಯ ಬಂತು. ಪಿ. ಜೆ. ಹೋಗನ್ ನಿರ್ದೇಶಿಸಿದ ‘ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್’ ಚಿತ್ರದಲ್ಲಿ ಜೂಲಿಯನ್ (ಜೂಲಿಯಾ ರಾಬರ್ಟ್ಸ್) ಊಟೋಪಚಾರಗಳ ವಿಮರ್ಶಕಿ. ಕಾಲೇಜಿನಲ್ಲಿ ಕೆಲಕಾಲ ಪ್ರೀತಿಸಿ ಆಮೇಲೆ ಗೆಳೆಯನಾಗಿ ಉಳಿದ ಮೈಕಲ್ ಫೋನು ಮಾಡಿ ತನ್ನ ಮದುವೆಗೆ ಕರೆಯುತ್ತಾನೆ. ಅವಳಿಗೆ ಅವನು ಬೇಕೆಂದು ಆಗ ಗೊತ್ತಾಗುತ್ತದೆ. ಮದುವೆ ಮುರಿಯಲೆಂದೇ ಷಿಕಾಗೊಗೆ ಹೋಗುತ್ತಾಳೆ. ಹಳೆಯ ಹೂಟವೇ, ಆದರೆ ಇಲ್ಲಿ ಮೂರನೆಯವಳಾದ ವಧು ಕಿಮ್ಮಿಯನ್ನು (ಕ್ಯಾಮರಾನ್ ಡಯಾಸ್) ಚಿತ್ರ ತಗ್ಗಿಸುವುದೇ ಇಲ್ಲ. ಕಿಮ್ಮಿಗೆ ಹಾಡಲು ಬಾರದು ಎಂದು ತಿಳಿದ ಜೂಲಿಯನ್ ಅವಳನ್ನು ಬಾರೊಂದರಲ್ಲಿ ಎಲ್ಲರೆದುರು ಹಾಡಲು ಎಳೆದು ನಿಲ್ಲಿಸುತ್ತಾಳೆ. ಅವಳು ಅಪಸ್ವರದಲ್ಲೇ, ಆದರೆ ಹಿಂಜರಿಯದೆ, ಹಾಡುತ್ತಾಳೆ. ಬಾರಿನ ಮಂದಿಯೆಲ್ಲ ಅವಳ ಪಕ್ಷವಾಗುತ್ತಾರೆ, ಮೈಕಲ್ ಇನ್ನಷ್ಟು ಸೋಲುತ್ತಾನೆ. ಅವಮಾನಿಸಲು ತೆಗೆದ ಅಸ್ತ್ರ ತಿರುಗಿಬಿದ್ದದ್ದಕ್ಕೆ ನಾವು ನಗುತ್ತೇವೆ, ನಗುವಾಗ ನಾಯಕಿಯ ಮೇಲೆ ನಗುತ್ತಿದ್ದೇವೆ ಎಂದು ಗೊತ್ತಿದ್ದೇ ನಗುತ್ತೇವೆ.

ಕೊನೆಗೆ ಮೈಕಲ್ ಕಿಮ್ಮಿಯನ್ನೇ ಮದುವೆಯಾಗುತ್ತಾನೆ. ಜಗತ್ತಿನ ಅತಿ ಜನಪ್ರಿಯ ನಟಿಯೊಬ್ಬಳು ಸೋತು ಮದುವೆಮನೆಯಲ್ಲಿ ಒಬ್ಬಳೇ ಕೂರುತ್ತಾಳೆ. ಆಗ ಅವಳ ಸಂಪಾದಕ ಗೆಳೆಯ ಜಾರ್ಜ್ ಬಂದು ಕುಣಿತಕ್ಕೆ ಕರೆಯುತ್ತಾನೆ. ಅವನು ಸಲಿಂಗಕಾಮಿಯಾದ್ದರಿಂದ ಇದು ಇನ್ನೊಂದು ಪ್ರೇಮದ ಆರಂಭವಲ್ಲ. ಮೊದಲು ಚಿತ್ರೀಕರಿಸಿದ ಮುಕ್ತಾಯದಲ್ಲಿ ಅವಳಿಗೆ ಹೊಸ ಗಂಡೊಬ್ಬ ಸಿಗುತ್ತಿದ್ದ. ಪ್ರಾಯೋಗಿಕ ಪ್ರದರ್ಶನ ನೋಡಿದವರಿಗೆ ಅದು ಸೇರಲಿಲ್ಲ. ಇಷ್ಟೆಲ್ಲ ಕಿತಾಪತಿ ಮಾಡಿದವಳಿಗೆ ಬಹುಮಾನವೇಕೆ ಎಂದು ಅವರಿಗೆ ಅನ್ನಿಸಿರಬೇಕು. ಮುಕ್ತಾಯವನ್ನು ಮತ್ತೆ ಚಿತ್ರಿಸಿದರು, ಚಿತ್ರ ಜಗತ್ತಿನಾದ್ಯಂತ ಸುಮಾರು 30 ಕೋಟಿ ಡಾಲರ್ ಗಳಿಸಿತು. ಮೂರನೆಯವರ ಮೇಲೆ ಕರುಣೆ ಹುಟ್ಟಿದರೆ ನಗು ಸಾಯುತ್ತದೆ ಎಂಬ ಭಯಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೂ ಈ ಚಿತ್ರದ ಮೇಲೆ ನನ್ನದೊಂದು ತಕರಾರಿದೆ. ಕ್ರೀಡಾ ವರದಿಗಾರನಾದ ಗಂಡನ ಜೊತೆ ಊರೂರು ಸುತ್ತಲು ಕಿಮ್ಮಿ ತನ್ನ ಓದನ್ನು ಬಿಡಬೇಕಾಗಿದೆ; ಚಿತ್ರ ಅದನ್ನು ಜಗಳದ ನೆಪವಾಗಿ ಬಳಸಿ ಹಾಗೆಯೇ ಮುಂದೆ ಹೋಗುತ್ತದೆ. 1940ರಲ್ಲಿ ಹಿಲ್ಡಿ ಕೆಲಸಕ್ಕಾಗಿ ಗಂಡನ್ನು ಬಿಟ್ಟಳು, 1997ರಲ್ಲಿ ಕಿಮ್ಮಿ ಗಂಡಿಗಾಗಿ ಓದು ಬಿಟ್ಟಳು. ಕಾಲ ಮುಂದಕ್ಕೇ ಹೋಗುತ್ತದೆ ಎಂದು ನಂಬಿದವರು ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಮೂರನೆಯ ಆಕ್ಷೇಪ ನಮ್ಮ ಕಡೆಯಿಂದ ಬರುವಂಥದು. ಮಾತು ಮುರಿದು ಹಳೆಯ ಪ್ರೀತಿಗೆ ಓಡುವುದು ಪರದೇಶದವರ ಆಟ. ನಮ್ಮಲ್ಲಿ ನಿಶ್ಚಿತಾರ್ಥವೆಂದರೆ ಎರಡು ಮನೆತನಗಳ ನಡುವೆ ತಾಂಬೂಲ ಬದಲಾದದ್ದು, ಅದನ್ನು ನಗೆಯಾಟ ಮಾಡಲಾಗದು ಎಂಬ ಮಾತು. 1955ರ ಹಿಂದೂ ವಿವಾಹ ಕಾಯಿದೆ ನಿಶ್ಚಿತಾರ್ಥವನ್ನು ಮದುವೆಯೆಂದು ಎಣಿಸುವುದಿಲ್ಲ ಎಂದರೆ ಇವರಿಗೆ ಸಮಾಧಾನವಾಗದು. ಕಾಯಿದೆಯ ಮಾತು ಬೇರೆ, ಬೀದಿಯ ಮಾತು ಬೇರೆ. 2006ರ ‘ಮುಂಗಾರು ಮಳೆ’ಯಲ್ಲಿ ನಾಯಕ ನಿಶ್ಚಯವಾದ ಹುಡುಗಿಯನ್ನು ಕೊನೆಗೆ ಬಿಟ್ಟುಕೊಟ್ಟಾಗ ಕನ್ನಡದ ಪ್ರೇಕ್ಷಕರು ಅವನನ್ನು ಎತ್ತಿ ಮೆರೆಸಿದ್ದು ಈ ಆಕ್ಷೇಪಕ್ಕೆ ಬೆಂಬಲವಾಗಿಯೇ ಇದೆ. ಆದರೆ ಅದು ಹಳೆಯ ಪ್ರೀತಿಯ ಕಥೆಯಲ್ಲ. ಹಳೆಯ ಪ್ರೀತಿಯ ಕಥೆ ಬೇಕೆಂದರೆ ಮಹಾಭಾರತದ ವನಪರ್ವದಲ್ಲಿ ಬೃಹದಶ್ವ ಋಷಿ ಧರ್ಮರಾಯನಿಗೆ ಹೇಳಿದ ಕಥೆಯನ್ನು, ಕನಕದಾಸರು ‘ನಳಚರಿತ್ರೆ’ಯಲ್ಲಿ ನಮಗೆ ಷಟ್ಪದಿಯಲ್ಲಿ ಹೇಳಿದ ಕಥೆಯನ್ನು ನೆನೆಯಬೇಕು. ಕಾಡಿನಲ್ಲಿ ಬಿಟ್ಟುಹೋದ ಗಂಡ ನಳ ಅಯೋಧ್ಯೆಯಲ್ಲಿ ಬಾಹುಕನೆಂಬ ಹೆಸರಿನಲ್ಲಿ ಸಾರಥಿಯಾಗಿರಬಹುದೆಂದು ದಮಯಂತಿಗೆ ಸಂದೇಹ. ಅವಳು ತನಗೆ ಎರಡನೆಯ ಸ್ವಯಂವರವೆಂದು, ಅದೂ ನಾಳೆ ಬೆಳಿಗ್ಗೆಯೇ ಎಂದು ಅಲ್ಲಿನ ರಾಜ ಋತುಪರ್ಣನಿಗೆ ಸುದ್ದಿ ಕಳಿಸುತ್ತಾಳೆ. ಒಂದೇ ಹಗಲಿನಲ್ಲಿ ನೂರು ಯೋಜನ ರಥ ಹೊಡೆಯಬಲ್ಲವನು ನಳ ಮಾತ್ರ ಎಂಬುದು ಅವಳ ಲೆಕ್ಕ. ಇಲ್ಲಿ ಮಾಜಿ ಪ್ರಿಯನನ್ನು ಕರೆಸಿಕೊಳ್ಳಲು ಹೆಣ್ಣೇ ಸುಳ್ಳು ನಿಶ್ಚಯ ಹೂಡಿದ್ದಾಳೆ. ಹಾಲಿವುಡ್ಡಿನ ಯಾವ ಬರಹಗಾರನಿಗೂ ಇಷ್ಟು ಸೊಗಸಾದ ತಿರುವು ಹೊಳೆದಂತಿಲ್ಲ.

ನನ್ನ ಕಣ್ಣು ಇಲ್ಲಿಯೂ ಋತುಪರ್ಣನ ಮೇಲೆ. ಅವನು ನಿಶ್ಚಿತ ವರನಲ್ಲ, ಆಸೆ ಹೊತ್ತು ಬಂದವನು. ಆದರೂ ಮೂರನೆಯವನ ಸ್ಥಾನ ಅವನದೇ. ದಾರಿಯಲ್ಲಿ ಉತ್ತರೀಯ ಜಾರಿ ಬಿತ್ತು, ನಿಲ್ಲಿಸು ಎನ್ನುವಷ್ಟರಲ್ಲಿ ರಥ ಒಂದು ಯೋಜನ ಮುಂದೆ ಹೋಗಿರುತ್ತದೆ. ಕುಂಡಿನಪುರಕ್ಕೆ ಬಂದರೆ ಚಪ್ಪರವಿಲ್ಲ, ಬೇರೆ ರಾಜರಿಲ್ಲ, ಹುಡುಗಿಯ ತಂದೆ ಭೀಮರಾಜನಿಗೇ ಇವನು ಬಂದದ್ದೇಕೆಂದು ತಿಳಿಯದು. ಋತುಪರ್ಣ ಪೆಚ್ಚಾಗಿ, ಸುಮ್ಮನೆ ನಮಸ್ಕರಿಸಿ ಹೋಗಲು ಬಂದೆ ಎನ್ನುತ್ತಾನೆ. ನಗು ಬರುವುದು ನಿಜ, ಆದರೆ ಕಥೆ ಅವನನ್ನು ಅಲ್ಲಿಗೇ ಬಿಡುವುದಿಲ್ಲ. ದಾರಿಯಲ್ಲಿ ತಾರೆಯ ಮರದ ಎಲೆಕಾಯಿಗಳನ್ನು ಕಣ್ಣಳತೆಯಲ್ಲೇ ಎಣಿಸಿ ತೋರಿಸಿದವನು ಅವನು. ಪಗಡೆಯ ಗುಟ್ಟನ್ನು ನಳನಿಗೆ ಕಲಿಸಿದವನು ಅವನು. ಆ ವಿದ್ಯೆ ಬಂದದ್ದೇ ತಡ, ನಳನ ಮೈಹೊಕ್ಕು ಕಾಡುತ್ತಿದ್ದ ಕಲಿ ಹೊರಬಿದ್ದ. ಅಂದರೆ ಜೋಡಿ ಕೂಡಲು ಮೂರನೆಯವನು ಅಡ್ಡಿಯಾಗಿಲ್ಲ, ಕಾರಣನಾಗಿದ್ದಾನೆ. ನಳನ ಗುರುತು ತಿಳಿದ ಮೇಲೆ ಋತುಪರ್ಣ ತಾನಾಗಿ ಸಂತೋಷಪಟ್ಟು, ಅರಿಯದೆ ಆಳಾಗಿ ಇಟ್ಟುಕೊಂಡೆನೆಂದು ಕ್ಷಮೆ ಕೇಳುತ್ತಾನೆ; ಬದಲಿಗೆ ನಳನಿಂದ ಕುದುರೆಗಳ ವಿದ್ಯೆ ಪಡೆದು ಬೇರೊಬ್ಬ ಸಾರಥಿಯೊಡನೆ ಊರಿಗೆ ಮರಳುತ್ತಾನೆ. ಬರಿಗೈಯಲ್ಲಿ ಹೋಗುವುದಿಲ್ಲ. ಮೂರನೆಯವರ ಪಾಲು ತೀರಿಸುವುದೆಂದರೆ ಇದು. ಕಿಮ್ಮಿಗೆ ಗೆಲುವೇ ಸಿಕ್ಕಿತು. ಋತುಪರ್ಣನಿಗೆ ವಿದ್ಯೆ ಸಿಕ್ಕಿತು. ಕಿಟ್ರಿಜ್‌ಗೆ ಏನೂ ಸಿಗಲಿಲ್ಲ.

ಬ್ರೂಸ್‌ಗೂ ಹೆಚ್ಚೇನೂ ಸಿಗಲಿಲ್ಲವಲ್ಲ ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಕೊನೆಯ ದೃಶ್ಯದಲ್ಲಿ ಅವನು ತೆರೆಯ ಮೇಲೆ ಇರುವುದೂ ಇಲ್ಲ, ಪೊಲೀಸ್ ಠಾಣೆಯಲ್ಲಿರುತ್ತಾನೆ. ಹೊಸ ಮಧುಚಂದ್ರಕ್ಕೆಂದು ನಯಾಗರಾಕ್ಕೆ ಹೊರಟ ವಾಲ್ಟರನಿಗೆ ಅಷ್ಟರಲ್ಲಿ ಆಲ್ಬನಿಯಲ್ಲಿ ಮುಷ್ಕರವಾಗಿದೆಯೆಂಬ ಸುದ್ದಿ ಬಂದು, ಅಲ್ಲಿಗೇ ಹೋಗೋಣ, ಬ್ರೂಸ್ ನಮಗೆ ಇಳಿದುಕೊಳ್ಳಲು ಜಾಗ ಕೊಟ್ಟಾನೇನೋ ಎನ್ನುತ್ತಾನೆ. ಎಷ್ಟು ನಾಚಿಕೆಗೆಟ್ಟ ಮಾತು! ಆದರೆ ಅದನ್ನು ಕೇಳಿ ನಗುವಾಗ, ಬ್ರೂಸ್ ನಿಜವಾಗಿಯೂ ಜಾಗ ಕೊಟ್ಟಾನು ಎಂದು ನಮಗೆ ಅನ್ನಿಸುತ್ತದೆ. ಪ್ರೇಕ್ಷಕನಲ್ಲಿ ಅಷ್ಟು ನಂಬಿಕೆ ಹುಟ್ಟಿಸಿ ಅವನನ್ನು ಕಳಿಸಿಕೊಟ್ಟದ್ದೇ ಚಿತ್ರ ಅವನಿಗೆ ಸಲ್ಲಿಸಿದ ಪಾಲು. ಈ ಎಲ್ಲ ಚಿತ್ರಗಳಲ್ಲಿ ಒಂದನ್ನೇ ನೋಡಲು ಬಿಡುವಿರುವವರಿಗೆ ನನ್ನ ಸಲಹೆ ‘ಹಿಸ್ ಗರ್ಲ್ ಫ್ರೈಡೇ’. ಒಂದೂವರೆ ಗಂಟೆಯ ಚಿತ್ರ. ಹಕ್ಕುಸ್ವಾಮ್ಯವನ್ನು ಕಾಲಕ್ಕೆ ಸರಿಯಾಗಿ ನವೀಕರಿಸದೆ ಹೋದದ್ದರಿಂದ ಅಮೆರಿಕದಲ್ಲಿ ಅದು ಸಾರ್ವಜನಿಕ ಸ್ವತ್ತಾಗಿದೆ, ಹುಡುಕಿದರೆ ಸುಲಭವಾಗಿ ಸಿಗುತ್ತದೆ. ಮೊದಲ ಸಲ ಮಾತಿನ ಓಟಕ್ಕಾಗಿ ನೋಡಿ. ಎರಡನೆಯ ಸಲ ನೋಡುವಾಗ ವಾಲ್ಟರನನ್ನೂ ಹಿಲ್ಡಿಯನ್ನೂ ಬಿಟ್ಟು ಬ್ರೂಸ್‌ನ ಮುಖವನ್ನೇ ನೋಡಿ.